ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್: ಸ್ವಿಸ್ ಗೆಳೆಯನ ಜೊತೆ ಒಂದು ದಿನದ ಬೈಕ್ ಸವಾರಿ, ಹಂತ ಹಂತವಾಗಿ

ಜ್ಯೂರಿಕ್‌ನಲ್ಲೋ ಮ್ಯೂನಿಕ್‌ನಲ್ಲೋ ಕೆಲಸಕ್ಕಿರುವ ನಮ್ಮವರು, ಬೆಂಗಳೂರಿನಿಂದ ರಜೆಗೆ ಬಂದವರು, ಎಲ್ಲರೂ ಸ್ವಿಸ್ ಆಲ್ಪ್ಸ್‌ನ ಈ ಮೂರು ಘಾಟಿಗಳ ಸವಾರಿಯಲ್ಲಿ ಎಡವುವುದು ಹೆಚ್ಚುಕಡಿಮೆ ಒಂದೇ ರೀತಿ. ನಕ್ಷೆಯಲ್ಲಿ ಸುಮಾರು 120 ಕಿ.ಮೀ. ಕಾಣುತ್ತದೆ. 'ಅಷ್ಟೇ ಅಲ್ವಾ, ಊಟದ ಹೊತ್ತಿಗೆ ಮುಗಿಯುತ್ತೆ' ಅಂದುಕೊಂಡು ಹತ್ತೂವರೆಗೆ ಹೊರಡುತ್ತಾರೆ. ಮುಂದೆ ಹೋಗುವ ಗೆಳೆಯನನ್ನು ಹಿಡಿಯಲು ಹೋಗಿ ಮೊದಲ ಘಾಟಿಯಲ್ಲೇ ಸುಸ್ತಾಗುತ್ತಾರೆ. ಎರಡನೆಯದರಲ್ಲಿ ಮಳೆ ಹಿಡಿಯುತ್ತದೆ. ಮೂರನೆಯದನ್ನು ಬಿಟ್ಟು ವಾಪಸ್ ಬರುತ್ತಾರೆ. ಇವರಿಗೆ ಬೈಕ್ ಓಡಿಸಲು ಬರುವುದಿಲ್ಲ ಅಂತಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ತಪ್ಪಿರುತ್ತದೆ, ಅಷ್ಟೇ.

ಆಗುಂಬೆ, ಚಾರ್ಮಾಡಿ ಹತ್ತಿಳಿದ ಅನುಭವ ಇದ್ದರೆ ಅರ್ಧ ಕೆಲಸ ಬಂದ ಹಾಗೆ. ಇನ್ನರ್ಧ ಇಲ್ಲಿದೆ.

## ದಾರಿ ಯಾವುದು, ಯಾಕೆ ಈ ದಿಕ್ಕಿನಲ್ಲಿ

ಹೊರಡುವ ಊರು ಆಂಡರ್ಮಾಟ್, ಎತ್ತರ 1437 ಮೀಟರ್. ಅಲ್ಲಿಂದ ಪಶ್ಚಿಮಕ್ಕೆ ರೆಯಾಲ್ಪ್, ಫುರ್ಕಾ (2429 ಮೀ.), ಇಳಿದರೆ ಗ್ಲೆಚ್. ಮತ್ತೆ ಏರಿದರೆ ಗ್ರಿಮ್ಸೆಲ್ (2164 ಮೀ.). ಅಲ್ಲಿಂದ ಉದ್ದಕ್ಕೂ ಇಳಿದರೆ ಇನ್ನರ್ಟ್‌ಕಿರ್ಶೆನ್, ಬರೀ 625 ಮೀಟರ್. ಆಮೇಲೆ ಪೂರ್ವಕ್ಕೆ ತಿರುಗಿ ಸುಸ್ಟೆನ್ (2224 ಮೀ.) ದಾಟಿ ವಾಸೆನ್, ಅಲ್ಲಿಂದ ಆಂಡರ್ಮಾಟ್.

ಇದೇ ಸುತ್ತನ್ನು ಉಲ್ಟಾ ಹೋಗುವವರಿದ್ದಾರೆ. ಮೊದಲ ಸಲಕ್ಕೆ ಬೇಡ. ಬೆಳಿಗ್ಗೆ ಪಶ್ಚಿಮಕ್ಕೆ, ಮಧ್ಯಾಹ್ನ ಪೂರ್ವಕ್ಕೆ ಹೋದರೆ ಎರಡು ಹೊತ್ತೂ ಬಿಸಿಲು ಬೆನ್ನಿಗಿರುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ. ಇನ್ನೊಂದು ಕಾರಣ ರಸ್ತೆಯದ್ದು. ಮೂರರಲ್ಲಿ ಫುರ್ಕಾದ ಪೂರ್ವದ ಮಗ್ಗುಲೇ ಕಿರಿದು, ಕೆಲವು ಕಡೆ ಅಂಚಿಗೆ ಬರೀ ಕಲ್ಲಿನ ಗೂಟ. ಅದನ್ನು ಮೈ ಹಗುರ ಇರುವಾಗ ಮುಗಿಸಬೇಕು. ಸುಸ್ಟೆನ್ ಅಗಲವಾದ ರಸ್ತೆ. ದಣಿದ ಮೇಲೂ ಕ್ಷಮಿಸುತ್ತದೆ.

## ಹಂತ 1: ದಿನ ಆರಿಸಿ

ಈ ಘಾಟಿಗಳು ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ತೆರೆದಿರುತ್ತವೆ. ಹಿಮ ನೋಡಿಕೊಂಡು ತಾರೀಖು ಹಿಂದೆ ಮುಂದೆ ಆಗುತ್ತದೆ. ಮೂರೂ ಒಟ್ಟಿಗೆ ತೆರೆಯಲೇಬೇಕು ಅಂತಿಲ್ಲ. ಸ್ವಿಸ್ ವಾಹನ ಸವಾರರ ಸಂಘವಾದ ಟಿಸಿಎಸ್‌ನ ತಾಣದಲ್ಲಿ ಮೂರರ ಸ್ಥಿತಿಯನ್ನೂ ಹಿಂದಿನ ರಾತ್ರಿ ನೋಡಿ. ಒಂದು ಮುಚ್ಚಿದ್ದರೂ ಸುತ್ತು ಕೂಡುವುದಿಲ್ಲ.

ಶನಿವಾರ, ಭಾನುವಾರ ಬೇಡ. ಬೇಸಿಗೆ ರಜೆಯ ವಾರಾಂತ್ಯದಲ್ಲಿ, ಆಂಡರ್ಮಾಟ್‌ಗೆ ಹೋಗುವ ದಾರಿಯಲ್ಲೇ ಇರುವ ಗೊಟ್ಹಾರ್ಡ್ ಸುರಂಗದ ಉತ್ತರ ಬಾಯಿಯಲ್ಲಿ ಕಾರುಗಳ ಸಾಲು ಮೈಲುಗಟ್ಟಲೆ ನಿಲ್ಲುತ್ತದೆ. ಜ್ಯೂರಿಕ್‌ನಿಂದ ಬೆಳಿಗ್ಗೆ ಹೊರಟವರು ಆ ಸಾಲಿನಲ್ಲೇ ಅರ್ಧ ದಿನ ಕಳೆಯಬಹುದು. ವಾರದ ನಡುವಿನ ಒಂದು ದಿನ ಆರಿಸಿ, ಹಿಂದಿನ ರಾತ್ರಿ ಆಂಡರ್ಮಾಟ್‌ನಲ್ಲೇ ತಂಗಿ. ಖರ್ಚು ಜಾಸ್ತಿ, ನಿಜ. ಆದರೆ ಈ ಪಟ್ಟಿಯಲ್ಲಿ ದುಡ್ಡಿಗೆ ಸರಿಯಾದ ಫಲ ಕೊಡುವುದು ಇದೊಂದೇ.

ಹೊರಡುವುದು ಎಂಟು ಗಂಟೆಗೆ. ಗೆಳೆಯ ಎಂಟು ಅಂದರೆ ಎಂಟಕ್ಕೆ ಗಾಡಿ ಚಾಲೂ ಅಂತ ಅರ್ಥ, ಎಂಟಕ್ಕೆ ಕಾಫಿ ಅಂತ ಅಲ್ಲ.

## ಹಂತ 2: ಕಾಗದ, ಬೈಕು

ಭಾರತದ ಲೈಸೆನ್ಸಿನಲ್ಲಿ ಗೇರ್ ಇರುವ ಬೈಕಿನ ನಮೂದು, ಅಂದರೆ ಎಂಸಿಡಬ್ಲ್ಯೂಜಿ, ಇರಲೇಬೇಕು. ಬರೀ ಕಾರಿನದ್ದು ಸಾಲದು. ಜೊತೆಗೆ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ. ಅದನ್ನು ಊರಿನ ಆರ್‌ಟಿಓದಲ್ಲಿ ಹೊರಡುವ ಮೊದಲೇ ತೆಗೆದುಕೊಳ್ಳಬೇಕು, ಒಂದು ವರ್ಷ ನಡೆಯುತ್ತದೆ. ಪರ್ಮಿಟ್ ಇದೆ ಅಂತ ಮೂಲ ಲೈಸೆನ್ಸನ್ನು ಮನೆಯಲ್ಲಿ ಬಿಟ್ಟು ಬರಬೇಡಿ, ಎರಡೂ ಕೈಯಲ್ಲಿರಬೇಕು. ಸ್ವಿಟ್ಜರ್ಲೆಂಡಿನಲ್ಲೇ ನೆಲೆಸಿದವರಿಗೆ ಲೆಕ್ಕ ಬೇರೆ: 12 ತಿಂಗಳ ಒಳಗೆ ಸ್ವಿಸ್ ಲೈಸೆನ್ಸಿಗೆ ಬದಲಾಯಿಸಿಕೊಳ್ಳಬೇಕು.

ಬೈಕಿನ ವಿಷಯದಲ್ಲಿ ಆಸೆ ಕಡಿಮೆ ಇರಲಿ. ಬಾಡಿಗೆ ಅಂಗಡಿಯಲ್ಲಿ 1200 ಸಿಸಿಯ ದೊಡ್ಡ ಗಾಡಿ ಕಣ್ಣು ಸೆಳೆಯುತ್ತದೆ. ಹೇರ್‌ಪಿನ್‌ನಲ್ಲಿ ಅದರ ಭಾರ ನಿಮ್ಮ ಕಾಲ ಮೇಲೆ. 400ರಿಂದ 700 ಸಿಸಿ ಒಳಗಿನ, ಬೆನ್ನು ನೆಟ್ಟಗೆ ಕೂರುವ ಗಾಡಿ ಸಾಕು. ನಿಂತಾಗ ಎರಡು ಪಾದವೂ ನೆಲಕ್ಕೆ ಊರಬೇಕು. ಅದನ್ನು ಅಂಗಡಿಯಲ್ಲೇ ನೋಡಿಕೊಳ್ಳಿ.

ಗಾಡಿ ಕೈಗೆ ಬಂದ ತಕ್ಷಣ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಅಪಘಾತವಾದರೆ ನಿಮ್ಮ ಕೈಯಿಂದ ಎಷ್ಟು ಹೋಗುತ್ತದೆ ಅನ್ನುವುದನ್ನು ಕೇಳಿ ಬರೆಸಿಕೊಳ್ಳಿ. ಹೆದ್ದಾರಿಯ ವಿನ್ಯೆಟ್ ಇದೆಯಾ ನೋಡಿ. 40 ಫ್ರಾಂಕಿನ ಈ ಸುಂಕ ಬೈಕಿಗೂ ಬೇಕು. ಘಾಟಿ ರಸ್ತೆಗಳಿಗೆ ಬೇಡ, ಆದರೆ ಮಳೆ ಬಂದು ದಾರಿ ಬದಲಿಸಬೇಕಾದರೆ ಹೆದ್ದಾರಿ ಹತ್ತಲೇಬೇಕಾಗುತ್ತದೆ.

ಟೈರಿನ ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗ ನೋಡಿ. ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ಅಂತ ಟಾರ್ಚ್ ಹಾಕಿ ನೋಡಿ. ಪೆಟ್ರೋಲನ್ನು ಆಂಡರ್ಮಾಟ್‌ನಲ್ಲೇ ಪೂರ್ತಿ ತುಂಬಿಸಿ.

## ಹಂತ 3: ಮೈಮೇಲೆ, ಚೀಲದಲ್ಲಿ

ಕೆಳಗೆ ಇನ್ನರ್ಟ್‌ಕಿರ್ಶೆನ್‌ನಲ್ಲಿ 28 ಡಿಗ್ರಿ ಇದ್ದರೆ ಫುರ್ಕಾ ತುದಿಯಲ್ಲಿ 16ರ ಆಸುಪಾಸು. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿ ಇಳಿಯುತ್ತದೆ ಅಂತ ಲೆಕ್ಕ ಹಾಕಿ, ಮೇಲೆ ಗಾಳಿಯ ಚಳಿ ಬೇರೆ. ಹಾಗಾಗಿ ಒಂದು ದಪ್ಪ ಜಾಕೆಟ್‌ಗಿಂತ ಕಳಚಿ ಹಾಕಬಹುದಾದ ಎರಡು ಮೂರು ಪದರ ಒಳ್ಳೆಯದು.

- ಇಸಿಇ (ಯುರೋಪಿನ ಸುರಕ್ಷತಾ ಮಾನದಂಡ) ಗುರುತಿನ ಹೆಲ್ಮೆಟ್, ಮಂಜು ಕಟ್ಟದ ವೈಸರ್
- ಎರಡು ಜೊತೆ ಕೈಗವಸು, ಒಂದು ಮಳೆಗೆ
- ಮಳೆ ಕೋಟು, ಪ್ಯಾಂಟು, ಚೀಲದ ಮೇಲ್ಗಡೆಯೇ
- ನೀರು, ಚಾರ್ಜರ್, ಸ್ವಲ್ಪ ನಗದು
- ದಾರಿಯ ಊರುಗಳ ಹೆಸರು ಬರೆದ ಒಂದು ಚೀಟಿ, ಟ್ಯಾಂಕಿನ ಮೇಲೆ ಅಂಟಿಸಲು

ಎರಡನೇ ಜೊತೆ ಕೈಗವಸನ್ನು ಬಿಟ್ಟು ಬರುವವರೇ ಜಾಸ್ತಿ. ಬೆರಳು ಮರಗಟ್ಟಿದರೆ ಬ್ರೇಕ್ ಎಷ್ಟು ಹಿಡಿಯುತ್ತಿದ್ದೇನೆ ಅನ್ನುವುದೇ ಗೊತ್ತಾಗುವುದಿಲ್ಲ.

ಫೋನಿನಲ್ಲಿ ರೇಗಾ ಆ್ಯಪ್ ಹಾಕಿಕೊಳ್ಳಿ. ಇದು ಸ್ವಿಸ್ ಹೆಲಿಕಾಪ್ಟರ್ ರಕ್ಷಣಾ ಸೇವೆ, ನಂಬರ್ 1414. ಆ್ಯಪ್ ಒತ್ತಿದರೆ ನೀವಿರುವ ಜಾಗ ಅವರಿಗೆ ತಿಳಿಯುತ್ತದೆ. ಆಂಬುಲೆನ್ಸ್ 144, ಎಲ್ಲಕ್ಕೂ ಸೇರಿ 112.

## ಹಂತ 4: ಗೆಳೆಯನ ಜೊತೆ ಐದು ನಿಮಿಷದ ಮಾತು

ಇದನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ಗೆಳೆಯ ಆ ರಸ್ತೆಯಲ್ಲಿ ಹದಿನೆಂಟನೇ ವಯಸ್ಸಿನಿಂದ ಓಡಾಡಿದವನು. ಯಾವ ತಿರುವಿನ ಹಿಂದೆ ಏನಿದೆ ಅಂತ ಅವನಿಗೆ ಬಾಯಿಪಾಠ. ಅವನು 'ನಿಧಾನವಾಗಿ ಹೋಗೋಣ' ಅಂದರೆ ಅದು ಅವನ ನಿಧಾನ. ನೀವು ಹಿಂದೆ ಬಿದ್ದಾಗ ಅವನೂ ಕನ್ನಡಿಯಲ್ಲಿ ನೋಡುತ್ತಾ ಮುಜುಗರಪಡುತ್ತಾನೆ, ನೀವೂ ಮರ್ಯಾದೆಗೆ ಅಂಜಿ ಎಕ್ಸಿಲರೇಟರ್ ತಿರುಗಿಸುತ್ತೀರಿ. ಅಪಾಯ ಹುಟ್ಟುವುದು ಇಲ್ಲಿ. ರಸ್ತೆಯ ತಪ್ಪು ಏನೂ ಇರುವುದಿಲ್ಲ.

ಹೊರಡುವ ಮೊದಲು ನಾಲ್ಕು ವಿಷಯ ಬಾಯಿಬಿಟ್ಟು ಹೇಳಿಕೊಳ್ಳಿ.

ಒಂದು, ಮುಂದೆ ಯಾರು. ಗೆಳೆಯನೇ ಮುಂದೆ ಇರಲಿ. ದಾರಿ ಹುಡುಕುವ ಕೆಲಸ ನಿಮಗೆ ತಪ್ಪುತ್ತದೆ, ಬಲಗಡೆ ಚಾಲನೆಯೂ ನೆನಪಿನಲ್ಲಿ ಉಳಿಯುತ್ತದೆ.

ಎರಡು, ಎಲ್ಲಿ ಕಾಯುವುದು. 'ಕನ್ನಡಿಯಲ್ಲಿ ಕಾಣುತ್ತಿರು' ಅನ್ನುವ ಒಪ್ಪಂದ ಬೇಡ. ಫುರ್ಕಾ ತುದಿ, ಗ್ಲೆಚ್ ಕೂಡುರಸ್ತೆ, ಗ್ರಿಮ್ಸೆಲ್ ತುದಿ, ಇನ್ನರ್ಟ್‌ಕಿರ್ಶೆನ್, ಸುಸ್ಟೆನ್ ತುದಿ, ವಾಸೆನ್. ಈ ಆರು ಜಾಗದಲ್ಲಿ ಮುಂದೆ ಹೋದವನು ನಿಂತಿರುತ್ತಾನೆ. ನಡುವೆ ಯಾರು ಎಷ್ಟು ಹಿಂದೆ ಬಿದ್ದರೂ ಚಿಂತೆಯಿಲ್ಲ.

ಮೂರು, ಕಾಯುವ ಮಿತಿ. ಹದಿನೈದು ನಿಮಿಷ ಕಾದರೂ ಬರದಿದ್ದರೆ ಮೊದಲು ಫೋನ್, ಆಮೇಲೆ ವಾಪಸ್.

ನಾಲ್ಕು, ಓವರ್‌ಟೇಕ್. ಗೆಳೆಯ ಕಾರನ್ನು ದಾಟಿದ ಅಂತ ನೀವೂ ಅದೇ ಉಸಿರಿನಲ್ಲಿ ದಾಟಬಾರದು. ಅವನಿಗೆ ಖಾಲಿ ಇದ್ದ ರಸ್ತೆ ಎರಡು ಸೆಕೆಂಡಿನ ನಂತರ ನಿಮಗೆ ಖಾಲಿ ಇರುವುದಿಲ್ಲ.

ಇವು ಆದ ಮೇಲೆ ಇಂಟರ್‌ಕಾಮ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

## ಹಂತ 5: ಬಲಗಡೆಗೆ ಒಗ್ಗಿಕೊಳ್ಳಿ (ಆಂಡರ್ಮಾಟ್‌ನಿಂದ ರೆಯಾಲ್ಪ್)

ಈ ಹತ್ತು ಕಿ.ಮೀ. ಬಹುತೇಕ ಸಮತಟ್ಟು. ದೇವರೇ ಅಭ್ಯಾಸಕ್ಕೆಂದು ಮಾಡಿಟ್ಟ ಹಾಗಿದೆ. ಇಲ್ಲಿ ಬ್ರೇಕು ಎಷ್ಟು ಕಚ್ಚುತ್ತದೆ, ಕ್ಲಚ್ಚು ಎಲ್ಲಿ ಹಿಡಿಯುತ್ತದೆ ನೋಡಿಕೊಳ್ಳಿ. ಊರೊಳಗೆ ಮಿತಿ 50, ಹೊರಗೆ 80. ಹೆಡ್‌ಲೈಟ್ ಹಗಲಲ್ಲೂ ಉರಿಯುತ್ತಿರಬೇಕು.

ವಾಹನಗಳ ನಡುವೆ ಬಲಗಡೆ ಓಡಿಸುವುದು ಕಷ್ಟವಲ್ಲ. ಮುಂದಿನವರು ಹೋದ ಹಾಗೆ ಹೋಗುತ್ತೀರಿ. ಕೈ ತಪ್ಪುವುದು ರಸ್ತೆ ಖಾಲಿ ಇದ್ದಾಗ: ಫೋಟೋಗೆ ನಿಂತು ಮತ್ತೆ ಹೊರಡುವಾಗ, ಪೆಟ್ರೋಲ್ ಬಂಕಿನಿಂದ ಹೊರಗೆ ಬರುವಾಗ. ಮೈ ತಾನಾಗಿಯೇ ಎಡಕ್ಕೆ ಹೋಗುತ್ತದೆ. ಬಲಗಡೆ ಕನ್ನಡಿಯ ಮೇಲೆ ಬಣ್ಣದ ಟೇಪಿನ ಬಾಣ ಅಂಟಿಸಿ. ನಿಂತ ಪ್ರತಿ ಸಲವೂ ಗೆಳೆಯ ಮೊದಲು ಹೊರಡಲಿ.

## ಹಂತ 6: ಫುರ್ಕಾ ಏರು, ಹೇರ್‌ಪಿನ್ ಪಾಠ

ರೆಯಾಲ್ಪ್ ದಾಟಿದ ಕೂಡಲೇ ರಸ್ತೆ ಮಡಚಿಕೊಳ್ಳುತ್ತದೆ. ನಮ್ಮ ಘಾಟಿಯಲ್ಲಿ ಕಷ್ಟದ ತಿರುವು ಎಡಗಡೆಯದ್ದು, ಯಾಕೆಂದರೆ ಒಳಗಿನ ಪಟ್ಟಿ ನಮ್ಮದು. ಇಲ್ಲಿ ಅದು ಬಲಗಡೆಯದ್ದು. ಕೈಗೆ, ಕಣ್ಣಿಗೆ ಈ ಅಭ್ಯಾಸ ಇರುವುದಿಲ್ಲ.

ಬಲದ ಹೇರ್‌ಪಿನ್‌ನಲ್ಲಿ ಬೈಕ್ ಬೀಳುವುದು ಹೀಗೆ. ಸವಾರ ಎರಡನೇ ಗೇರಿನಲ್ಲಿ ನಿಧಾನವಾಗಿ ಒಳಗೆ ಬರುತ್ತಾನೆ. ಒಳಅಂಚು ಕಡಿದಾಗಿರುತ್ತದೆ, ಎಂಜಿನ್ ಗುಟುಕರಿಸುತ್ತದೆ. ಗಾಬರಿಯಲ್ಲಿ ಕ್ಲಚ್ ಹಿಡಿಯುತ್ತಾನೆ. ಗಾಡಿ ನಿಲ್ಲುತ್ತದೆ, ಬಲಕ್ಕೆ ವಾಲುತ್ತದೆ. ಬಲಗಾಲು ಚಾಚಿದರೆ ನೆಲ ಒಂದು ಗೇಣು ಕೆಳಗಿದೆ. ಅಷ್ಟೇ, ಗಾಡಿ ಮಲಗಿತು. ವೇಗವೇ ಇಲ್ಲದೆ ಬಿದ್ದದ್ದು.

ತಪ್ಪಿಸುವ ಕ್ರಮ:

1. ತಿರುವಿಗೆ ಮೊದಲೇ, ನೇರ ರಸ್ತೆಯಲ್ಲೇ, ಮೊದಲ ಗೇರಿಗೆ ಇಳಿಸಿ. 2000 ಮೀಟರ್ ಮೇಲೆ ಗಾಳಿ ತೆಳು. ಎಂಜಿನ್ನಿನ ಶಕ್ತಿ ಸುಮಾರು ಐದನೇ ಒಂದು ಭಾಗ ಕಡಿಮೆಯಾಗಿರುತ್ತದೆ. ಕೆಳಗೆ ಎರಡನೇ ಗೇರಿನಲ್ಲಿ ಆಗಿದ್ದು ಇಲ್ಲಿ ಆಗುವುದಿಲ್ಲ.
2. ನಿಮ್ಮ ಪಟ್ಟಿಯ ಎಡ ಅಂಚಿನಿಂದ, ನಡುಗೆರೆ ದಾಟದೆ, ಒಳಗೆ ಬನ್ನಿ. ಒಳಅಂಚಿಗೆ ಬೇಗ ಅಂಟಿಕೊಳ್ಳಬೇಡಿ.
3. ಕತ್ತು ತಿರುಗಿಸಿ ಬಲ ಭುಜದ ಮೇಲಿಂದ ಮೇಲಿನ ರಸ್ತೆ ನೋಡಿ. ಮುಂದಿನ ಚಕ್ರ ನೋಡಿದರೆ ಗಾಡಿ ಅಲ್ಲಿಗೇ ಹೋಗುತ್ತದೆ.
4. ಎಕ್ಸಿಲರೇಟರ್ ಒಂದೇ ಸಮ. ವೇಗ ಕಡಿಮೆ ಮಾಡಬೇಕಾದರೆ ಹಿಂದಿನ ಬ್ರೇಕು ಹಗುರವಾಗಿ. ಕ್ಲಚ್ ಮುಟ್ಟಬೇಡಿ.
5. ಮೇಲಿನಿಂದ ಬಸ್ಸು ಬರುತ್ತಿದ್ದರೆ ತಿರುವಿಗೆ ಮೊದಲು, ನೇರ ಜಾಗದಲ್ಲಿ ನಿಂತುಬಿಡಿ.

ಎಡದ ಹೇರ್‌ಪಿನ್ ಅಗಲ, ಸುಲಭ. ಅದರ ಮೋಸ ಬೇರೆ. ಟೈರು ನಿಮ್ಮ ಪಟ್ಟಿಯಲ್ಲೇ ಇರುತ್ತದೆ, ಆದರೆ ವಾಲಿದಾಗ ತಲೆ, ಭುಜ ನಡುಗೆರೆಯ ಆಚೆ ಹೋಗಿರುತ್ತವೆ. ಎದುರಿನ ಕಾರಿನ ಕನ್ನಡಿ ಇರುವುದೂ ಅದೇ ಜಾಗದಲ್ಲಿ. ಗೆರೆಯಿಂದ ಒಂದು ಮೀಟರ್ ಬಿಟ್ಟೇ ಓಡಿಸಿ.

ಹಳದಿ ಪೋಸ್ಟ್‌ಬಸ್ಸಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ನೀಲಿ ಫಲಕದ ಮೇಲೆ ಹಳದಿ ಕೊಂಬಿನ ಚಿತ್ರ ಇದ್ದರೆ ಅದು ಅಂಚೆ ಬಸ್ಸಿನ ಬೆಟ್ಟದ ದಾರಿ. ಅಲ್ಲಿ ಬಸ್ಸಿಗೇ ಮೊದಲ ಹಕ್ಕು, ಡ್ರೈವರ್ ಹಿಂದೆ ಹೋಗು ಅಂದರೆ ಹೋಗಬೇಕು. ಕಾಣದ ತಿರುವಿಗೆ ಮೊದಲು ಅದು ಮೂರು ಸ್ವರದ ಹಾರ್ನ್ ಬಾರಿಸುತ್ತದೆ. ಕೇಳಿಸಿದ ಕೂಡಲೇ ಬಲಕ್ಕೆ ಸರಿದು ನಿಧಾನಿಸಿ. ನೀವು ಮಾತ್ರ ನಮ್ಮೂರಿನ ಹಾಗೆ ತಿರುವು ತಿರುವಿಗೂ ಹಾರ್ನ್ ಹೊಡೆಯಬೇಡಿ. ಕಾರಣವಿಲ್ಲದೆ ಹಾರ್ನ್ ಇಲ್ಲಿ ತಪ್ಪು.

ಎಚ್ಚರಿಕೆಯ ಗುರುತುಗಳು: ಜೂನ್ ಬೆಳಿಗ್ಗೆ ಹಿಮದ ಗೋಡೆಯ ನೆರಳಲ್ಲಿ ರಸ್ತೆಗೆ ಅಡ್ಡ ಹೊಳೆಯುವ ನೀರು (ರಾತ್ರಿ ಗಟ್ಟಿಯಾಗಿರಬಹುದು). ಬಿರುಕಿಗೆ ಹಾಕಿದ ಡಾಂಬರಿನ ಕಪ್ಪು ಪಟ್ಟಿ, ಒದ್ದೆಯಾದರೆ ಜಾರುತ್ತದೆ. ದನ ದಾಟದಿರಲಿ ಅಂತ ರಸ್ತೆಗೆ ಹಾಕಿದ ಕಬ್ಬಿಣದ ಸರಳು. ಸರಳು ಕಂಡರೆ ಮುಂದೆ ಹಸು ಇದೆ, ಸಗಣಿಯೂ ಇದೆ.

## ಹಂತ 7: ಗ್ಲೆಚ್, ಮೊದಲ ತೀರ್ಮಾನ

ಫುರ್ಕಾ ಇಳಿಯುವಾಗ ಬಲಗಡೆ ಮೇಲೆ ರೋನ್ ಹಿಮನದಿ. ಬೇಸಿಗೆಯಲ್ಲಿ ಅದರ ಒಂದು ಭಾಗಕ್ಕೆ ಕರಗದಿರಲಿ ಅಂತ ಬಿಳಿ ಬಟ್ಟೆ ಹೊದಿಸಿರುತ್ತಾರೆ. ನೋಡಬೇಕು ಅನ್ನಿಸಿದರೆ ನಿಲ್ಲುವ ಜಾಗಕ್ಕೆ ಹೋಗಿ ನಿಲ್ಲಿ. ಓಡಿಸುತ್ತಾ ನೋಡುವ ರಸ್ತೆ ಇದಲ್ಲ. ಎದುರಿನ ಬೆಟ್ಟದಲ್ಲಿ ಗ್ರಿಮ್ಸೆಲ್‌ನ ತಿರುವುಗಳು ಒಂದರ ಮೇಲೊಂದು ಕಾಣುತ್ತವೆ.

ಗ್ಲೆಚ್ ಕೂಡುರಸ್ತೆಯಲ್ಲಿ ನಿಂತು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಮುಂಗೈ ನೋಯುತ್ತಿದೆಯಾ? ಹಲ್ಲು ಕಚ್ಚಿ ಓಡಿಸುತ್ತಿದ್ದೀರಾ? ತಿರುವಿನಲ್ಲಿ ಎರಡು ಮೂರು ಸಲ ಗೆರೆ ದಾಟಿದಿರಾ? ಹೌದು ಅಂದರೆ ಇಲ್ಲಿಗೆ ಸಾಕು. ಕೆಳಗೆ ಓಬರ್‌ವಾಲ್ಡ್‌ಗೆ ಇಳಿದರೆ ರೆಯಾಲ್ಪ್‌ಗೆ ವಾಹನ ಹೊರುವ ರೈಲಿದೆ, ಬೈಕನ್ನೂ ಹತ್ತಿಸುತ್ತಾರೆ. 1982ರಲ್ಲಿ ತೆರೆದ, 15 ಕಿ.ಮೀ. ಮೀರಿದ ಸುರಂಗದೊಳಗಿಂದ ಹದಿನೈದು ಇಪ್ಪತ್ತು ನಿಮಿಷದಲ್ಲಿ ಆಚೆ ಬಿಡುತ್ತದೆ. ಇದರಲ್ಲಿ ನಾಚಿಕೆ ಏನಿಲ್ಲ. ಗೆಳೆಯನಿಗೂ ಈ ರೈಲು ಚೆನ್ನಾಗಿ ಗೊತ್ತು.

## ಹಂತ 8: ಗ್ರಿಮ್ಸೆಲ್ ಇಳಿಜಾರು ಮತ್ತು ಬ್ರೇಕು

ಗ್ಲೆಚ್‌ನಿಂದ ಗ್ರಿಮ್ಸೆಲ್ ತುದಿಗೆ ಆರೇಳು ಕಿ.ಮೀ. ಏರು. ಅಷ್ಟರಲ್ಲಿ ಹೇರ್‌ಪಿನ್ ಕೈಗೆ ಬಂದಿರುತ್ತದೆ. ತುದಿಯ ಕೆರೆ ಟೋಟೆನ್‌ಸೇ ಪಕ್ಕ ಸ್ವಲ್ಪ ಕೈಕಾಲು ಆಡಿಸಿ.

ನಂತರ ಇಪ್ಪತ್ತೈದು ಕಿ.ಮೀ. ದಾಟಿ ಇಳಿಯುವುದೇ, 1500 ಮೀಟರಿಗೂ ಮಿಕ್ಕಿ. ಅಣೆಕಟ್ಟಿನ ಕೆರೆಗಳು, ಬೋಳು ಗ್ರಾನೈಟ್ ಬಂಡೆ, ಆಮೇಲೆ ಕಾಡು. ಬ್ರೇಕನ್ನು ಹಿಡಿದೇ ಇಳಿದರೆ ಡಿಸ್ಕು ಕಾಯುತ್ತದೆ, ಬ್ರೇಕ್ ಆಯಿಲ್ ಕುದಿಯುವಷ್ಟು ಬಿಸಿಯಾಗುತ್ತದೆ. ಕುದಿದರೆ ಅದರಲ್ಲಿ ಗುಳ್ಳೆ. ಗುಳ್ಳೆ ಬಂದರೆ ಲಿವರ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ.

ಏರುವಾಗ ಯಾವ ಗೇರು ಬೇಕಿತ್ತೋ ಇಳಿಯುವಾಗಲೂ ಅದೇ ಗೇರು. ಎಂಜಿನ್ನೇ ಗಾಡಿಯನ್ನು ಹಿಡಿಯಲಿ. ಬ್ರೇಕನ್ನು ತಿರುವಿಗೆ ಮೊದಲು ಗಟ್ಟಿಯಾಗಿ, ಸ್ವಲ್ಪ ಹೊತ್ತು ಹಿಡಿದು ಪೂರ್ತಿ ಬಿಡಿ. ಬಿಟ್ಟಾಗಲೇ ಅದು ತಣ್ಣಗಾಗುವುದು. ನ್ಯೂಟ್ರಲ್‌ನಲ್ಲಿ ಪೆಟ್ರೋಲ್ ಉಳಿಸುವ ಊರಿನ ಚಟ ಇಲ್ಲಿ ಬೇಡವೇ ಬೇಡ.

ನಿಲ್ಲಬೇಕಾದ ಗುರುತು: ಲಿವರ್ ಸ್ಪಂಜಿನ ಹಾಗೆ ಮೆತ್ತಗಾಗುವುದು, ಮೊದಲಿಗಿಂತ ಹ್ಯಾಂಡಲಿಗೆ ಹತ್ತಿರ ಬರುವುದು, ಸುಟ್ಟ ವಾಸನೆ. ಯಾವುದಾದರೂ ಒಂದು ಕಂಡರೂ ಸಾಕು, ಜಾಗ ನೋಡಿ ನಿಂತು ಇಪ್ಪತ್ತು ನಿಮಿಷ ಬಿಡಿ. ಡಿಸ್ಕಿಗೆ ನೀರು ಹೊಯ್ಯಬೇಡಿ. ತಣಿದ ಮೇಲೂ ಲಿವರ್ ಗಟ್ಟಿಯಾಗದಿದ್ದರೆ ಸವಾರಿ ಅಲ್ಲಿಗೆ ಮುಗಿಯಿತು, ಬಾಡಿಗೆ ಅಂಗಡಿಗೆ ಫೋನ್ ಮಾಡಿ.

ಕಿರಿದಾದ ಜಾಗದಲ್ಲಿ ಎರಡು ವಾಹನ ಎದುರಾದರೆ, ಸಾಮಾನ್ಯವಾಗಿ ಇಳಿಯುವವರು ಮೊದಲು ನಿಂತು ಏರುವವರಿಗೆ ದಾರಿ ಬಿಡಬೇಕು.

## ಹಂತ 9: ಇನ್ನರ್ಟ್‌ಕಿರ್ಶೆನ್, ಊಟ ಮತ್ತು ಆಕಾಶ

ಮಧ್ಯಾಹ್ನ ಒಂದು ಗಂಟೆಯೊಳಗೆ ತಲುಪಿದರೆ ಒಳ್ಳೆಯದು. ಎರಡರ ನಂತರ ಅಡುಗೆಮನೆ ಮುಚ್ಚುವ ಹೋಟೆಲು ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಸಸ್ಯಾಹಾರಿಗಳು ಜಾಗ್ರತೆ: ಆಲೂಗಡ್ಡೆಯ ರೋಸ್ಟಿ, ಚೀಸು ಮ್ಯಾಕರೋನಿಯ ಎಲ್ಪ್ಲರ್‌ಮಾಗ್ರೋನೆನ್, ಎರಡರಲ್ಲೂ ಹಂದಿಮಾಂಸದ ಚೂರು ಇರಬಹುದು. 'ಓನೆ ಸ್ಪೆಕ್' (ಹಂದಿಮಾಂಸ ಇಲ್ಲದೆ) ಅಂತ ಹೇಳಿ. ಅರ್ಧ ಹೊಟ್ಟೆ ತಿನ್ನಿ. ಚೀಸು ತುಂಬಿದ ಊಟದ ಮೇಲೆ ಸುಸ್ಟೆನ್ ಹತ್ತಿದರೆ ಕಣ್ಣು ಎಳೆಯುತ್ತದೆ. ಬಿಲ್ಲಿಗೆ ಕಿತ್ತಾಡಬೇಡಿ, ಅವರವರದ್ದು ಅವರವರು ಕೊಡುವುದು ಇಲ್ಲಿ ಸಹಜ. ಬಿಯರ್ ಆಂಡರ್ಮಾಟ್‌ನಲ್ಲಿ, ಗಾಡಿ ನಿಲ್ಲಿಸಿದ ಮೇಲೆ.

ಊಟ ಮಾಡುತ್ತಲೇ ಆಕಾಶ ನೋಡಿ. ಆಲ್ಪ್ಸ್‌ನಲ್ಲಿ ಬೇಸಿಗೆಯ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರವೇ. ಬೆಳಿಗ್ಗೆ ಹತ್ತಿಯ ಉಂಡೆಯಂತಿದ್ದ ಮೋಡ ಒಂದು ಗಂಟೆಯ ಹೊತ್ತಿಗೆ ಮೇಲಕ್ಕೆ ಗೋಪುರವಾಗಿ ಬೆಳೆದು ಬುಡ ಕಪ್ಪಾಗಿದ್ದರೆ, ತಣ್ಣನೆ ಗಾಳಿ ಒಮ್ಮೆಲೇ ಬೀಸಿದರೆ, ಮೇಲೆ ಹೋಗಬೇಡಿ. ಸ್ವಿಸ್ ಹವಾಮಾನ ಇಲಾಖೆಯಾದ ಮೆಟಿಯೊಸ್ವಿಸ್‌ನ ಆ್ಯಪಿನಲ್ಲಿ ರೇಡಾರ್ ಚಿತ್ರ ನೋಡಿ, ಗೆಳೆಯನನ್ನೂ ಕೇಳಿ. ಇಂಥ ಕಡೆ ಅವನ ಮಾತೇ ಕೊನೆ.

ಬೇಡ ಅಂತ ತೀರ್ಮಾನವಾದರೆ ಮೈರಿಂಗೆನ್ ಮೇಲಿಂದ ಬ್ರೂನಿಗ್ ಘಾಟಿ. ಎತ್ತರ ಬರೀ 1008 ಮೀಟರ್. ಲುಸೆರ್ನ್ ಕಡೆ ಇಳಿದು ಹೆದ್ದಾರಿ ಹಿಡಿದು ವಾಸೆನ್. ಸುತ್ತು ದೊಡ್ಡದು, ಆದರೆ ಸಿಡಿಲಿನ ಕೆಳಗೆ 2000 ಮೀಟರ್ ಎತ್ತರದಲ್ಲಿ ಇರುವುದಿಲ್ಲ. ವಿನ್ಯೆಟ್ ಕೇಳಿದ್ದು ಇದಕ್ಕೇ.

## ಹಂತ 10: ಸುಸ್ಟೆನ್

ಗಾಡ್ಮೆನ್ ದಾಟಿ ಏರುವ ಈ ರಸ್ತೆ 1946ರಲ್ಲಿ ತೆರೆದದ್ದು. ತಿರುವುಗಳು ಅಗಲ, ಮುಂದಿನದು ದೂರದಿಂದಲೇ ಕಾಣುತ್ತದೆ. ತೊಂದರೆಯೂ ಅದೇ: ಗೊತ್ತಿಲ್ಲದೆ ವೇಗ 95ಕ್ಕೆ ಹೋಗಿರುತ್ತದೆ. ಊರ ಹೊರಗೆ ಮಿತಿಗಿಂತ 16ರಿಂದ 20 ಕಿ.ಮೀ. ಜಾಸ್ತಿ ಅಂದರೆ 240 ಫ್ರಾಂಕ್ ದಂಡ. ಅದಕ್ಕೂ ಮೇಲೆ ಹೋದರೆ ಸ್ಥಳದಲ್ಲಿ ಕಟ್ಟಿ ಮುಗಿಸುವ ದಂಡ ಇಲ್ಲ, ಕೇಸೇ.

ದಾರಿಯಲ್ಲಿ ಬಂಡೆ ಕೊರೆದ ಸಣ್ಣ ಸುರಂಗಗಳಿವೆ, ತುದಿಯಲ್ಲಿ ಒಂದು ದೊಡ್ಡದು. ಒಳಗೆ ಕತ್ತಲೆ, ಕೆಲವು ಕಡೆ ನೀರು ತೊಟ್ಟಿಕ್ಕುತ್ತದೆ. ಕಪ್ಪು ಕನ್ನಡಕವನ್ನು ಸುರಂಗದ ಬಾಯಿಗೆ ಬರುವ ಮೊದಲೇ ತೆಗೆಯಿರಿ, ಒಳಗೆ ಹೋದ ಮೇಲೆ ತೆಗೆಯಲು ಕೈ ಬಿಡುವಿರುವುದಿಲ್ಲ. ತುದಿಯ ಸುರಂಗದ ಆಚೆ ಹವೆ ಬೇರೆಯೇ ಇರಬಹುದು, ಈಚೆ ಬಿಸಿಲು, ಆಚೆ ಮಂಜು. ವೇಗ ಇಳಿಸಿಕೊಂಡೇ ಹೊರಗೆ ಬನ್ನಿ.

ತುದಿಗೆ ಮೊದಲು ಸ್ಟೈನ್ ಹಿಮನದಿ, ಕೆಳಗೆ ಅದರ ಕೆರೆ. ಇಡೀ ದಿನದಲ್ಲಿ ಒಂದೇ ಕಡೆ ಅರ್ಧ ಗಂಟೆ ಕೂರುವುದಾದರೆ ಇಲ್ಲಿ ಕೂರಿ ಅನ್ನುವುದು ನನ್ನ ಮತ. ಎಲ್ಲರೂ ಫುರ್ಕಾದಲ್ಲೇ ಹೊತ್ತು ಕಳೆದು ಇಲ್ಲಿ ಓಡುತ್ತಾರೆ.

ಇಳಿಯುವಾಗ ಮೈಯೆನ್ ಕಣಿವೆ. ಹಂತ 8ರ ಬ್ರೇಕಿನ ಮಾತು ಇಲ್ಲಿಗೂ ಅನ್ವಯ. ದಣಿದಿರುತ್ತೀರಿ, ಹಾಗಾಗಿ ಮಧ್ಯೆ ಒಮ್ಮೆ ನಿಲ್ಲಿ.

## ಹಂತ 11: ವಾಸೆನ್‌ನಿಂದ ಆಂಡರ್ಮಾಟ್

ಹತ್ತೇ ಕಿ.ಮೀ., ಆದರೆ ದಿನವಿಡೀ ಇಲ್ಲದ ಲಾರಿ, ಕಾರು ಇಲ್ಲಿ ಸಿಗುತ್ತವೆ. ಗೋಷೆನೆನ್ ದಾಟಿದರೆ ಶೋಲ್ಲೆನೆನ್ ಕಮರಿ. ಬಿಸಿಲಿನಿಂದ ಗ್ಯಾಲರಿಯ (ಹಿಮ, ಕಲ್ಲು ಬೀಳದಂತೆ ರಸ್ತೆಗೆ ಹಾಕಿದ ಚಾವಣಿ) ನೆರಳಿಗೆ, ನೆರಳಿನಿಂದ ಬಿಸಿಲಿಗೆ ಪದೇ ಪದೇ ಹೋಗುವಾಗ ಕಣ್ಣು ಹೊಂದಿಕೊಳ್ಳಲು ಸಮಯ ಬೇಕು. ಮುಂದಿನ ಗಾಡಿಗೆ ಎರಡು ಪಟ್ಟು ಅಂತರ ಬಿಡಿ. ಈ ಕಮರಿಯ ಮೇಲಿನ ದೆವ್ವದ ಸೇತುವೆ ನೋಡಬೇಕೆಂದರೆ ಬೈಕನ್ನು ಆಂಡರ್ಮಾಟ್‌ನಲ್ಲಿ ನಿಲ್ಲಿಸಿ ನಡೆದುಕೊಂಡು ಬನ್ನಿ, ದೂರವೇನಿಲ್ಲ.

ಗಾಡಿ ವಾಪಸ್ ಕೊಡುವ ಮೊದಲು ಟ್ಯಾಂಕ್ ತುಂಬಿಸಿ, ಬೆಳಿಗ್ಗೆ ತೆಗೆದ ಅದೇ ನಾಲ್ಕು ಕೋನದಿಂದ ಮತ್ತೆ ಫೋಟೋ ತೆಗೆಯಿರಿ. ಬಾಡಿಗೆಯ ಕಾಗದ, ಫೋಟೋ ಎರಡನ್ನೂ ಕೆಲವು ತಿಂಗಳು ಇಟ್ಟುಕೊಳ್ಳಿ. ವೇಗದ ದಂಡದ ಚೀಟಿ ಅಂಗಡಿಯ ಮೂಲಕ ವಾರಗಳ ನಂತರವೂ ಬರಬಹುದು. ಆಗ ಆ ದಿನ, ಆ ಹೊತ್ತಿಗೆ ಗಾಡಿ ನಿಮ್ಮ ಕೈಯಲ್ಲೇ ಇತ್ತಾ ಅಂತ ತಾಳೆ ನೋಡಲು ಇವು ಬೇಕಾಗುತ್ತವೆ.